ಸವತಿಯ ಜೊತೆ ಲಾಮುವಿಗೆ ಒಯ್ಯುವ ಪುಸ್ತಕಗಳು

ಜುಲೈ ೬, ಭಾನುವಾರ

ಮಗಳು ರೋಡಾ ಚರ್ಚಿನಿಂದ ನೇರ ನನ್ನ ಮನೆಗೆ ಬಂದು, ಉಗಾಲಿ ಮುದ್ದೆ ಬೇಯುವವರೆಗೂ ತುಟಿ ಬಿಚ್ಚದೆ ಕೂತಿದ್ದಳು. ಅವಳು ತುಟಿ ಬಿಚ್ಚಲಿಲ್ಲವೆಂದರೆ ಎಲ್ಲೋ ಖರ್ಚು ಮಾಡಿ ಬಂದಿದ್ದಾಳೆ ಎಂದೇ ಅರ್ಥ. ಊಟ ಮುಗಿದ ಮೇಲೆ ಮೇಜಿನ ಮೇಲೆ ಒಂದು ಲಕೋಟೆ ಇಟ್ಟಳು. ಲಾಮು ದ್ವೀಪಕ್ಕೆ ವಿಮಾನದ ಟಿಕೇಟು, ಸಮುದ್ರದ ದಂಡೆಯ ಮನೆಯಲ್ಲಿ ಒಂದು ವಾರದ ವಾಸ.

"ಅಪ್ಪ ಹೋಗಿ ವರ್ಷ ಆಯ್ತು. ನೀನು ಈ ಕುರ್ಚಿ ಬಿಟ್ಟು ಎದ್ದಿಲ್ಲ. ಹೋಗಿ ಮರಳಲ್ಲಿ ಕಾಲು ಚಾಚ್ಕೊಂಡು ಓದ್ಕೋ."

ನನಗೆ ಕಣ್ಣು ತುಂಬಿ ಬಂತು. ಜೀವಮಾನವಿಡೀ ಹೈಸ್ಕೂಲಿನಲ್ಲಿ ಸಾಹಿತ್ಯ ಪಾಠ ಮಾಡಿದವಳು. ತೆಂಗಿನ ಮರದ ಕೆಳಗೆ ಕೂತು ಓದುವವರ ಬಗ್ಗೆ ನಾನು ಓದಿದ್ದೇ ಬಂತು. ಕಣ್ಣೊರೆಸಿಕೊಂಡು ನೋಡಿದರೆ ಲಕೋಟೆಯಲ್ಲಿ ಎರಡು ಟಿಕೇಟು.

"ಇನ್ನೊಂದು ನಿನಗಾ?"

"ಇಲ್ಲಮ್ಮ. ನಕುರು ಚಿಕ್ಕಮ್ಮನಿಗೆ. ಹೆಜ್ರನ್ನೂ ನಾನೂ ಸೇರಿ ಮಾಡಿದ್ದು. ರೂಮು ಒಂದೇ, ಆದ್ರೆ ಮಂಚ ಎರಡಿದೆ."

ಹೆಜ್ರನ್ ನನ್ನ ಸವತಿ ಮಿನಾಯೊಳ ಮಗ. ಅಪ್ಪನ ಮಣ್ಣಿನ ಖರ್ಚಿಗೆ ಚಂದಾ ಎತ್ತುತ್ತಾ ಎತ್ತುತ್ತಾ ಅವನೂ ರೋಡಾಳೂ ಅಕ್ಕತಮ್ಮಂದಿರಾಗಿಬಿಟ್ಟರು. ಆಗಲಿ, ಬೇಡವೆನ್ನುವುದಿಲ್ಲ. ಅದಕ್ಕೆ ತಾಯಂದಿರನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಬೇಕೆ?

ನಮ್ಮ ಯಜಮಾನರು ಜುಂಬಾ, ಬಾಯ್ಲರ್ ಇನ್‌ಸ್ಪೆಕ್ಟರ್ ಆಗಿದ್ದವರು. ಸಕ್ಕರೆ ಕಾರ್ಖಾನೆ, ಚಹಾ ಕಾರ್ಖಾನೆ ಅಂತ ಸುತ್ತುತ್ತಾ, ನಮ್ಮ ಮದುವೆಯಾಗಿ ಎಂಟು ವರ್ಷಕ್ಕೆ ನಕುರುವಿನಲ್ಲಿ ಎರಡನೇ ಮನೆ ಹೂಡಿದರು. ಹಿರಿಯರು ಕೂತು, ಮೇಕೆ ಕೊಯ್ದು, ಉಂಡು ತೇಗಿ ತೀರ್ಪು ಕೊಟ್ಟರು: ಎರಡು ವಾರ ಇಲ್ಲಿ, ಎರಡು ವಾರ ಅಲ್ಲಿ, ಒಂದು ಮನೆಗೆ ಒಯ್ದದ್ದನ್ನು ಇನ್ನೊಂದಕ್ಕೂ ಒಯ್ಯಬೇಕು, ಸಕ್ಕರೆಯಾದರೆ ಸಕ್ಕರೆ, ಕೊಡೆಯಾದರೆ ಕೊಡೆ. ಜುಂಬಾ ಅದನ್ನು ಸಾಯುವವರೆಗೂ ಚಾಚೂ ತಪ್ಪದೆ ನಡೆಸಿದರು. ಆ ನಕುರುವಿನವಳನ್ನು ನಾನು ಕಂಡದ್ದು ಸಾವಿನ ಮನೆಗಳಲ್ಲಿ ಮಾತ್ರ. ಕೈ ಕುಲುಕುತ್ತೇವೆ, ದೇವರು ದೊಡ್ಡವನು ಅನ್ನುತ್ತೇವೆ, ಬೇರೆ ಬೇರೆ ಶಾಮಿಯಾನದ ಕೆಳಗೆ ಕೂರುತ್ತೇವೆ.

ಒಲ್ಲೆ ಅಂದರೆ ಮಕ್ಕಳು ನೊಂದುಕೊಳ್ಳುತ್ತಾರೆ. ಹೂಂ ಅಂದರೆ ಏಳು ದಿನ ಅವಳ ಮುಖ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪಾತ್ರೆ ತೊಳೆಯುವಾಗ ಉಪಾಯ ಹೊಳೆಯಿತು. ಓದುತ್ತಾ ಕೂತವರನ್ನು ಯಾರೂ ಮಾತಾಡಿಸುವುದಿಲ್ಲ. ಪುಸ್ತಕದ್ದೇ ಒಂದು ಗೋಡೆ ಕಟ್ಟಿಕೊಂಡು ಅದರ ಹಿಂದೆ ಕೂತುಬಿಡುತ್ತೇನೆ.

ಜುಲೈ ೮, ಮಂಗಳವಾರ

ಗಿಚೂಕಿಯ ಅಂಗಡಿಗೆ ಹೋಗಿಬಂದೆ. ಅಂಗಡಿ ಎಂದರೆ ಬಾಗಿಲು ಕಿಟಕಿ ಏನಿಲ್ಲ, ಟಾಮ್ ಎಂಬೋಯಾ ರಸ್ತೆಯ ಕಾಲುದಾರಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಹಳೆಯ ಪುಸ್ತಕ ಹರಡಿರುತ್ತಾನೆ. ಕೊಳ್ಳುವವರು ಸೊಂಟ ಬಗ್ಗಿಸಲೇಬೇಕು, ಅದಕ್ಕೇ ನೈರೋಬಿಯವರೆಲ್ಲ ಇಂಥವನ್ನು ಬಗ್ಗೋ ಅಂಗಡಿ ಅನ್ನುವುದು. ನನ್ನ ವಯಸ್ಸಿನವರಿಗೆ ಅವನು ಒಂದು ಬಕೆಟ್ ಬೋರಲು ಹಾಕಿ ಕೂರಿಸುತ್ತಾನೆ.

"ಬನ್ನಿ ಟೀಚರಮ್ಮ. ಯಜಮಾನ್ರು ಹೋದ್ಮೇಲೆ ಈ ಕಡೆ ತಲೇನೇ ಹಾಕ್ಲಿಲ್ಲ. ಏನು ಕೊಡ್ಲಿ?"

"ದಪ್ಪ ಇರೋದು ಕೊಡು."

"ದಪ್ಪ ಅಂದ್ರೆ ಎಷ್ಟು?"

"ತಲೆ ಮೇಲೆ ಬಿದ್ರೆ ಬುಗುಟೆ ಏಳಬೇಕು."

"ರಜಕ್ಕೆ ಹೋಗ್ತಿದೀರೋ ಯುದ್ಧಕ್ಕೋ ತಾಯಿ?"

ನಗೆಬರಹ ತೋರಿಸಿದ, ಬೇಡ ಅಂದೆ. ನಾನು ನಕ್ಕರೆ ಪಕ್ಕದವಳು ಯಾಕೆ ಅಂತ ಕೇಳುತ್ತಾಳೆ. ಕಣ್ಣೀರಿನ ಕಥೆಯೂ ಬೇಡ, ಸಮಾಧಾನ ಹೇಳಲು ಬಂದಾಳು. ಪ್ರೇಮಕಥೆಯಂತೂ ನಮ್ಮಿಬ್ಬರ ನಡುವೆ ಸುತರಾಂ ಬೇಡ. ಕೊನೆಗೆ ಒಂದು ಹಡಗು ಕಟ್ಟುವವರ ಮನೆತನದ ಕಥೆ, ಐದು ತಲೆಮಾರು, ಮೊದಲ ಪುಟದಲ್ಲೇ ವಂಶವೃಕ್ಷ. ಇನ್ನೊಂದು ಉಪ್ಪಿನ ಚರಿತ್ರೆ. ಮತ್ತೊಂದು ಯಾವುದೋ ಚಳಿದೇಶದ ಪಾದ್ರಿಯ ಆತ್ಮಶೋಧನೆ. ಆ ಪಾದ್ರಿ ನೂರು ಪುಟವಾದರೂ ಹಾಸಿಗೆಯಿಂದ ಎದ್ದಿಲ್ಲ. ಇಂಥದ್ದೇ ಬೇಕಾಗಿತ್ತು. ಇನ್ನೂ ನಾಲ್ಕು ಆರಿಸಿ, ಎರಡು ಚೀಲ ತುಂಬಿಸಿ, ಮಟಾಟು ವ್ಯಾನಿನಲ್ಲಿ ಎರಡು ಸೀಟಿನ ಬಾಡಿಗೆ ತೆತ್ತು ಬಂದೆ.

ಜುಲೈ ೧೨, ಶನಿವಾರ

ಹಡಗಿನವರ ಕಥೆಯ ರುಚಿ ನೋಡೋಣವೆಂದು ಎಂಬತ್ತು ಪುಟ ಓದಿದೆ. ಪರವಾಗಿಲ್ಲ. ಆದರೆ ಮೊದಲ ಐವತ್ತು ಪುಟ ಬರೆದವನು ಬರೀ ಗಂಟಲು ಸರಿಮಾಡಿಕೊಳ್ಳುವುದು. ಈ ಮಾತನ್ನು ಯಾರಿಗಾದರೂ ಹೇಳಬೇಕೆನಿಸಿ ಬಾಯಿ ತೆರೆದೆ. ಎದುರಿಗೆ ಖಾಲಿ ಕುರ್ಚಿ.

ಜುಂಬಾ ಇದ್ದಾಗ ಹೀಗಿರಲಿಲ್ಲ. ಎರಡನೇ ಮನೆಯ ವಿಷಯ ಹೇಳಿದ ವಾರವೇ ಅವರು ನನಗೆ ಮೊದಲ ಪುಸ್ತಕ ತಂದದ್ದು, ಇದೇ ಗಿಚೂಕಿಯ ಅಪ್ಪನ ಹತ್ತಿರ ಕೊಂಡು. ಅದು ಪ್ರಾಯಶ್ಚಿತ್ತ ಅಂತ ನನಗೆ ಗೊತ್ತಿತ್ತು, ತಗೊಂಡೆ. ಆಮೇಲೆ ಪ್ರತಿ ಸರದಿಗೂ ಒಂದು ಪುಸ್ತಕ. ನಾನು ಓದಿ ನನ್ನ ಅಭಿಪ್ರಾಯ ಹೇಳುತ್ತಿದ್ದೆ. ಅವರು ಸುಮ್ಮನೆ ಕೇಳಿ, "ದಾರೀಲಿ ಓದ್ತೀನಿ" ಅಂತ ಅದನ್ನೇ ಚೀಲಕ್ಕೆ ಹಾಕಿಕೊಂಡು ಹೊರಡುತ್ತಿದ್ದರು. ಮುಂದಿನ ಸಲ ಬಂದಾಗ ಚಪ್ಪಲಿ ಬಿಚ್ಚುವುದಕ್ಕೂ ಮೊದಲೇ ವಾದ ಶುರು.

ಒಂದು ಕಾದಂಬರಿಯಲ್ಲಿ ಸ್ಟೇಷನ್ ಮಾಸ್ಟರನೊಬ್ಬ ಹೆಂಡತಿಯನ್ನು ಬಿಟ್ಟುಹೋಗಿ ಮುಪ್ಪಿನಲ್ಲಿ ಮರಳಿ ಬರುತ್ತಾನೆ. ಅವಳು ಮಾತಾಡದೆ ಚಹಾ ಮಾಡಿಕೊಡುತ್ತಾಳೆ, ಕಥೆ ಮುಗಿಯುತ್ತದೆ. ಅವಳು ಕ್ಷಮಿಸಿದಳು ಎಂದು ನಾನು. ಎರಡು ವಾರ ಬಿಟ್ಟು ಜುಂಬಾ ಬಂದು ಏನೆಂದರು ಗೊತ್ತೆ? "ಇಲ್ಲ ಕಣೆ, ಕ್ಷಮಿಸಿಲ್ಲ. ಶುರುವಲ್ಲಿ ಅವನು ಮೂರು ಚಮಚ ಸಕ್ಕರೆ ಹಾಕ್ಕೋತಾನೆ. ಕೊನೇಲಿ ಅವಳು ಸಕ್ಕರೆ ಹಾಕದೆ ಕೊಡ್ತಾಳೆ. ತೆಗೆದು ನೋಡು." ತೆಗೆದು ನೋಡಿದೆ, ಹೌದು! ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಗೊತ್ತಿಲ್ಲದ ಗಂಡಸು ಅದನ್ನು ಹೇಗೆ ಕಂಡುಹಿಡಿದರೋ. ಅವತ್ತು ನಾನು ಅವರನ್ನು ಕ್ಷಮಿಸಿದೆ, ಸಕ್ಕರೆ ಹಾಕಿಯೇ ಕ್ಷಮಿಸಿದೆ.

ಮಿಕ್ಕದ್ದೆಲ್ಲ ಎರಡು ಮನೆಗೂ ಸಮಪಾಲು. ಆ ಪುಸ್ತಕದ ಮಾತು ಮಾತ್ರ ನನ್ನ ಪಾಲಿನದು, ಇಡಿಯಾಗಿ ನನ್ನದು. ಚರ್ಚಿನ ಓದುಗರ ಸಂಘದ ಹೆಂಗಸರಿದ್ದಾರೆ, ನಾನು ಏನು ಹೇಳಿದರೂ "ಸರಿಯಾಗಿ ಹೇಳಿದ್ರಿ ಟೀಚರ್" ಅಂತಾರೆ. ಒಂದು ವರ್ಷದಿಂದ ನನಗೆ ಎದುರಾಡುವವರಿಲ್ಲ.

ಜುಲೈ ೧೫, ಮಂಗಳವಾರ

ರೋಡಾ ಬಂದು ನನ್ನ ಪುಸ್ತಕದ ರಾಶಿ ನೋಡಿ ಹಣೆ ಚಚ್ಚಿಕೊಂಡಳು.

"ಅಮ್ಮಾ, ಅದು ಚಿಕ್ಕ ವಿಮಾನ! ಒಬ್ಬೊಬ್ಬರಿಗೆ ಹದಿನೈದು ಕಿಲೋ ಅಷ್ಟೇ. ಇದನ್ನೆಲ್ಲ ಹೇರಿದ್ರೆ ಸಮುದ್ರಕ್ಕೇ ಬೀಳುತ್ತೆ."

"ಬಟ್ಟೆ ಕಮ್ಮಿ ಮಾಡ್ತೀನಿ."

"ಬಟ್ಟೆ ಇಲ್ದೆ ಹೋಗ್ತೀಯಾ? ನೋಡು, ಇಬ್ಬರೂ ಸೇರಿ ಮೂರೋ ನಾಲ್ಕೋ ಪುಸ್ತಕ ಆರಿಸ್ಕೊಳ್ಳಿ. ಚಿಕ್ಕಮ್ಮಂಗೂ ಓದೋ ಹುಚ್ಚು. ಒಂದು ಮಾತು ಕೇಳು."

ಓದುವ ಹುಚ್ಚಂತೆ! ಅವಳು ನಕುರು ಕೋರ್ಟಿನಲ್ಲಿ ದುಭಾಷಿ; ಹಳ್ಳಿಯವರ ಮಾತನ್ನು ಜಡ್ಜಿಗೆ, ಜಡ್ಜಿಯ ಮಾತನ್ನು ಹಳ್ಳಿಯವರಿಗೆ ದಾಟಿಸುವ ಕೆಲಸ. ದಿನವಿಡೀ ಕಳ್ಳರ ಮಾತು ಕೇಳಿದವಳಿಗೆ ಸಂಜೆ ಓದುವ ತಾಳ್ಮೆ ಎಲ್ಲಿಂದ ಬರಬೇಕು. ಆದರೆ ಯೋಚಿಸಿದರೆ ರೋಡಾಳ ಮಾತಿನಲ್ಲಿ ಹುರುಳಿದೆ. ನಾನೊಬ್ಬಳೇ ಓದುತ್ತಾ ಕೂತರೆ ಅವಳಿಗೆ ಬೇಸರವಾಗುತ್ತದೆ, ಬೇಸರವಾದರೆ ಮಾತಾಡುತ್ತಾಳೆ. ಗೋಡೆಗೆ ಆ ಕಡೆಯಿಂದಲೂ ಗಾರೆ ಬೇಕು. ಅವಳ ಕೈಗೆ ಬಿಡಿಸಿಕೊಳ್ಳಲಾಗದಂಥ ಪುಸ್ತಕ ಒಂದನ್ನು ಕೊಡಬೇಕು. ಅಂಥವು ಯಾವುವೆಂದು ಈ ನೈರೋಬಿಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಜುಲೈ ೧೬, ಬುಧವಾರ

ಅವಳ ಫೋನಿಗೆ ಸಂದೇಶ ಕಳಿಸಿದೆ. ಸೌಜನ್ಯಕ್ಕೇನೂ ಕಮ್ಮಿ ಮಾಡಲಿಲ್ಲ. ಬಾವಿಯಲ್ಲಿ ಹೆಣ ಸಿಗುವ, ಊರಿಗೆ ಊರೇ ಸುಳ್ಳು ಹೇಳುವ ಆ ಪತ್ತೇದಾರಿ ಕಾದಂಬರಿಯ ಹೆಸರು ಬರೆದು, "ಇದು ನಿಮಗೆ ಹಿಡಿಸಬಹುದು" ಅಂದೆ.

ಉತ್ತರ: "ಓದಿದೀನಿ ಟೀಚರ್. ಕೊಲೆ ಮಾಡಿದ್ದು ಸೂಲಗಿತ್ತಿ."

ಆಗಲಿ, ಎಲ್ಲೋ ಕೈಗೆ ಸಿಕ್ಕಿರಬಹುದು. ಚಹಾ ತೋಟದ ಮೂವರು ಅಕ್ಕತಂಗಿಯರ ಕಥೆ ಸೂಚಿಸಿದೆ.

"ಓದಿದೀನಿ. ನಡುವಿನವಳಿಗೆ ಎರಡು ಬಿಡಬೇಕಿತ್ತು."

ಜುಲೈ ೧೭, ಗುರುವಾರ

ಕುರುಡ ಗಡಿಯಾರ ರಿಪೇರಿಯವನ ಕಥೆ. "ಓದಿದೀನಿ."

ಮರುಭೂಮಿಯಲ್ಲಿ ಪಿಯಾನೋ ಸಾಗಿಸುವವರದು. "ಓದಿದೀನಿ. ಒಂಟೆ ಸತ್ತಾಗ ಅತ್ತೆ, ಮನುಷ್ಯರು ಸತ್ತಾಗ ಅಳು ಬರಲಿಲ್ಲ."

ಒಂಟೆ ಸತ್ತಾಗ ನಾನೂ ಅತ್ತಿದ್ದೆ. ಇದನ್ನು ಅವಳಿಗೆ ಹೇಳುವ ಅಗತ್ಯವಿಲ್ಲ.

ಜುಲೈ ೧೯, ಶನಿವಾರ

ನಿನ್ನೆಯಿಂದ ಹನ್ನೊಂದು ಹೆಸರು ಕಳಿಸಿದ್ದೇನೆ. ಹನ್ನೊಂದೂ ಓದಿದ್ದಾಳಂತೆ! ಸುಳ್ಳಿರಬೇಕೆಂದು ಅವುಗಳಲ್ಲೊಂದರ ಮೇಲೆ ಪರೀಕ್ಷೆಗೆ ಒಂದು ಪ್ರಶ್ನೆ ಹಾಕಿದೆ, ಮೂವತ್ತು ವರ್ಷ ಮಕ್ಕಳನ್ನು ಹಿಡಿದುಹಾಕಿದ ಪ್ರಶ್ನೆ: ಅಜ್ಜಿ ಬೀಗದಕೈಯನ್ನು ಯಾರಿಗೆ ಕೊಟ್ಟಳು? "ಯಾರಿಗೂ ಕೊಡಲಿಲ್ಲ ಟೀಚರ್. ಕೊಟ್ಟೆ ಅಂತ ಎಲ್ಲರಿಗೂ ಹೇಳಿದಳು." ಕ್ಲಾಸಿನ ಮಕ್ಕಳಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಮಿನಾಯೊಗೆ ಕೊಡಲಿಲ್ಲ, ನಿದ್ದೆ ಬಂತು ಅಂತ ಬರೆದು ಫೋನು ಆರಿಸಿದೆ. ಆಗಿನ್ನೂ ಸಂಜೆ ಆರು ಗಂಟೆ.

ಜುಲೈ ೨೦, ಭಾನುವಾರ

ತಡೆಯಲಾಗದೆ ಫೋನು ಮಾಡಿದೆ.

"ಅಲ್ಲ, ಈ ಪುಸ್ತಕಗಳೆಲ್ಲ ನಿಮಗೆ ನಕುರುವಿನಲ್ಲಿ ಎಲ್ಲಿ ಸಿಕ್ಕವು?"

"ಎಲ್ಲಿ ಸಿಗ್ತವೆ ಟೀಚರ್? ಅವರೇ ತರ್ತಿದ್ರಲ್ಲ. ಪ್ರತಿ ಸರದಿಗೂ ಒಂದು. ಯಾಕೆ, ನಿಮಗೂ ತರ್ತಿದ್ರಾ?"

ಫೋನು ಇಟ್ಟುಬಿಟ್ಟೆ.

ಜುಲೈ ೨೧, ಸೋಮವಾರ

ರೋಡಾಗೆ ಹೇಳಿದೆ, ಲಾಮುವಿಗೆ ಹೋಗುವುದಿಲ್ಲ. ಕಾರಣ ಕೇಳಿದಳು. ಮಂಡಿನೋವು ಅಂದೆ.

ಜುಲೈ ೨೩, ಬುಧವಾರ

ಸಕ್ಕರೆಯಾದರೆ ಸಕ್ಕರೆ, ಕೊಡೆಯಾದರೆ ಕೊಡೆ, ಪುಸ್ತಕವಾದರೆ ಪುಸ್ತಕ. ಹಿರಿಯರ ಮಾತನ್ನು ಅಕ್ಷರಶಃ ಪಾಲಿಸಿದರಲ್ಲ, ಬಾಯ್ಲರ್ ಇನ್‌ಸ್ಪೆಕ್ಟರು. ಎರಡು ಪ್ರತಿ ಕೊಳ್ಳಲು ಕೈ ಬರಲಿಲ್ಲ, ಒಂದನ್ನೇ ಎರಡು ಮನೆಗೆ ಸುತ್ತಿಸಿದರು. ಅವಳಿಗೆ ಅವರು ಸಿಕ್ಕರು, ನನಗೆ ಪುಸ್ತಕ ಸಿಕ್ಕಿತು ಎಂದುಕೊಂಡು ನಾನು ಸಮಾಧಾನ ಮಾಡಿಕೊಂಡಿದ್ದೆ. ಅದೂ ನನ್ನದಲ್ಲ ಎಂದಮೇಲೆ ನನ್ನದೆಂದು ಉಳಿದದ್ದೇನು? ಬಹಳ ನೋವಾಗಿದೆ. ಇವತ್ತು ಅಡುಗೆ ಮಾಡಲಿಲ್ಲ.

ಜುಲೈ ೨೬, ಶನಿವಾರ

ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ತೆಗೆದರೆ ಮಿನಾಯೊ. ನಕುರುವಿನಿಂದ ಮೊದಲ ಮಟಾಟುವಿಗೇ ಹೊರಟಿದ್ದಾಳೆ. ಕೈಯಲ್ಲಿ ಒಂದು ಡಬ್ಬಿ ಎಣ್ಣೆಯಲ್ಲಿ ಕರಿದ ಬಿಸಿ ಮಂದಾಜಿ, ಬಟ್ಟೆಯಲ್ಲಿ ಸುತ್ತಿದ್ದು. ಇಪ್ಪತ್ತೈದು ವರ್ಷದಲ್ಲಿ ಅವಳು ಈ ಹೊಸ್ತಿಲು ತುಳಿದದ್ದು ಇದೇ ಮೊದಲು. ಒಳಗೆ ಬಂದವಳು ಕೂರದೆ ನಿಂತಳು.

"ಅವರ ಕುರ್ಚಿ ಯಾವುದು ಹೇಳಿ. ಅದನ್ನ ಬಿಟ್ಟು ಬೇರೆ ಕಡೆ ಕೂರ್ತೀನಿ."

ತೋರಿಸಿದೆ. ಅವಳು ಕಿಟಕಿಯ ಹತ್ತಿರದ ಸ್ಟೂಲಿನ ಮೇಲೆ ಕೂತಳು. ಕೋಪ ಇದ್ದರೂ ಬಂದವರಿಗೆ ಚಹಾ ಕೊಡಲೇಬೇಕಲ್ಲ, ಇಟ್ಟೆ.

"ಟೀಚರ್, ನಿಮಗೆ ಬಂದ ಪುಸ್ತಕನೇ ನನಗೂ ಬರ್ತಿತ್ತು ಅಂತ ನನಗೂ ಗೊತ್ತಿರಲಿಲ್ಲ. ಆಣೆ ಮಾಡಿ ಹೇಳ್ತೀನಿ. ಅದು ನನಗೇ ಅಂತ ತರ್ತಾರೆ ಅಂದ್ಕೊಂಡಿದ್ದೆ. ನಾನೂ ಮೂರು ದಿನ ಅತ್ತೆ."

"ಮೊದಲು ಯಾರಿಗೆ ತರ್ತಿದ್ರು?" ನನ್ನ ಬಾಯಿಂದ ಹೊರಟ ಮೊದಲ ಮಾತೇ ಇದು.

"ನನಗೆ ಬರೋ ಹೊತ್ತಿಗೆ ಪುಟದ ಮೂಲೆ ಮಡಚಿರ್ತಿತ್ತು. ಅಲ್ಲಲ್ಲಿ ಚಹಾ ಕಲೆ. ಹಳೇ ಪುಸ್ತಕ ಅಲ್ವಾ, ಯಾರೋ ಪುಣ್ಯಾತ್ಮರು ಓದಿರ್ತಾರೆ ಅಂದ್ಕೊಂಡಿದ್ದೆ."

ಆ ಪುಣ್ಯಾತ್ಮಳು ನಾನೇ. ಒಳಗೊಳಗೇ ಹಿಗ್ಗಿದೆ, ಸುಳ್ಳೇಕೆ ಹೇಳಲಿ.

"ಆದ್ರೂ ಅವರು ಓದೋರು ಟೀಚರ್. ಚೀಲ ಇಳಿಸೋಕೂ ಮುಂಚೆ ಹೇಳೋರು: ‘ಇದರಲ್ಲಿ ಮೊದಲ ಐವತ್ತು ಪುಟ ಹಾರಿಸಿಬಿಡು, ಬರೆದೋನು ಗಂಟಲು ಸರಿಮಾಡ್ಕೋತಿದಾನೆ’ ಅಂತ. ಎಂಥಾ ಮಾತು! ಕೋರ್ಟಲ್ಲಿ ವಕೀಲರು ಎದ್ದು ನಿಂತಾಗೆಲ್ಲ ನಂಗೆ ಅದೇ ನೆನಪಾಗುತ್ತೆ."

ನಾನು ಚಹಾದ ಪಾತ್ರೆ ಕೆಳಗಿಟ್ಟೆ.

"ಆ ಮಾತು ನಂದು."

"ಯಾವುದು?"

"ಗಂಟಲು ಸರಿಮಾಡ್ಕೊಳ್ಳೋದು. ನಾನು ಅವರಿಗೆ ಹೇಳಿದ್ದು. ನನ್ನ ಕ್ಲಾಸಿನ ಮಕ್ಕಳೆಲ್ಲರಿಗೂ ಹೇಳಿದ್ದು."

ಮಿನಾಯೊ ನನ್ನ ಮುಖವನ್ನೇ ನೋಡುತ್ತಾ ಕೂತಳು. ದಿನವೂ ಸಾಕ್ಷಿಗಳ ಮುಖ ನೋಡುವ ಕಣ್ಣು ಅವು. ಆಮೇಲೆ ಒಂದೊಂದಾಗಿ ಹೇಳುತ್ತಾ ಹೋದಳು, ಜುಂಬಾ ಅವಳಿಗೆ ಯಾವ ಪುಸ್ತಕದ ಬಗ್ಗೆ ಏನೇನು ಹೇಳಿದ್ದರೆಂದು. ನಂದು, ನಂದು, ಅದೂ ನಂದು. ಒಂದಕ್ಷರ ಬದಲಾಯಿಸದೆ ಒಯ್ದು ಒಪ್ಪಿಸಿದ್ದಾರೆ ಮಹಾರಾಯರು. ಕೇಳಬಾರದೆಂದುಕೊಂಡೇ ಕೇಳಿದೆ.

"ಆ ಸ್ಟೇಷನ್ ಮಾಸ್ಟರನ ಹೆಂಡತಿ ಕಥೆ ನೆನಪಿದೆಯಾ?"

"ಸಕ್ಕರೆ ಹಾಕದೆ ಚಹಾ ಕೊಟ್ಟೋಳಾ? ಮರೆಯೋಕಾಗುತ್ತಾ! ಅವಳು ಕ್ಷಮಿಸಿದಳು ಅಂತ ಅವರು ಪಟ್ಟು ಹಿಡಿದ್ರು. ಇಲ್ಲಾ ರೀ, ನಾನು ದಿನಾ ಗಂಡ ಹೆಂಡತಿ ಕೇಸು ನೋಡ್ತೀನಿ, ಕ್ಷಮಿಸಿದೋರು ಸಕ್ಕರೆ ಹಾಕ್ತಾರೆ ಅಂತ ನಾನು. ಮೂರು ಚಮಚದ ಪುಟ ತೆಗೆದು ತೋರಿಸಿದ ಮೇಲೆ ಸುಮ್ಮನಾದ್ರು."

ಅಂದರೆ ಅದು ಅವರ ಮಾತಲ್ಲ. ನಾನು ಹೇಳಿದ್ದನ್ನು ಅಲ್ಲಿಗೆ, ಅವಳು ಹೇಳಿದ್ದನ್ನು ಇಲ್ಲಿಗೆ.

"ಮಿನಾಯೊ, ಅವರು ಒಂದಾದ್ರೂ ಪುಸ್ತಕ ಓದೋದನ್ನ ನೀನು ಕಣ್ಣಾರೆ ಕಂಡಿದೀಯಾ?"

ಅವಳು ಯೋಚಿಸಿದಳು. "ನಿಮ್ಮನೇಲಿ ಓದ್ಕೊಂಡು ಬರ್ತಾರೆ ಅಂದ್ಕೊಂಡಿದ್ದೆ."

"ನಾನು ದಾರೀಲಿ ಓದ್ತಾರೆ ಅಂದ್ಕೊಂಡಿದ್ದೆ."

"ದಾರಿಯುದ್ದಕ್ಕೂ ಗೊರಕೆ ಹೊಡೀತಾರೆ ಅಂತ ಹೆಜ್ರನ್ ಹೇಳ್ತಿದ್ದ."

ಇಬ್ಬರಿಗೂ ನಗು ಉಕ್ಕಿತು. ಎಷ್ಟು ನಕ್ಕೆವೆಂದರೆ ಪಕ್ಕದ ಮನೆಯವರು ಗೋಡೆ ಬಡಿದರು. ಮಿನಾಯೊ ಸ್ಟೂಲಿನಿಂದ ಜಾರಿ ನೆಲಕ್ಕೆ ಕೂತಳು. "ನನ್ನ ಕೆಲಸಾನೇ ಕದ್ದಿದಾರಲ್ಲ ಅಕ್ಕಾ! ಸಂಬಳ ಇಲ್ದೆ ದುಭಾಷಿ!" ಅಂತ ಹೊಟ್ಟೆ ಹಿಡಿದುಕೊಂಡಳು. ಕಣ್ಣೊರೆಸಿಕೊಂಡ ಮೇಲೆ ಮೆಲ್ಲಗೆ ಹೇಳಿದಳು, ಅವರು ಹೋದ ಮೇಲೆ ಒಂದು ಪುಸ್ತಕವನ್ನೂ ಓದಿಲ್ಲವಂತೆ. "ಅಂಗಡಿಗೆ ಹೋಗ್ತೀನಿ, ಯಾವುದು ತಗೋಬೇಕು ಅಂತ ತೋಚಲ್ಲ, ವಾಪಸ್ ಬರ್ತೀನಿ."

ಸಂಜೆಯ ಮಟಾಟುವಿಗೆ ಹೋದಳು. ಅವಳು ಇರುವಷ್ಟು ಹೊತ್ತು ನಕ್ಕವಳು ನಾನು, ಈಗ ಒಬ್ಬಳೇ ಕೂತರೆ ಎದೆ ಭಾರವಾಗಿದೆ. ನನ್ನ ಜೊತೆ ವಾದ ಮಾಡುತ್ತಿದ್ದ ಜುಂಬಾ ಇರಲೇ ಇಲ್ಲ. ಇದ್ದವರು ಒಬ್ಬ ಒಳ್ಳೆಯ ಟಪಾಲಿನವರು. ಹೋದ ವರ್ಷ ಒಬ್ಬ ಗಂಡನನ್ನು ಮಣ್ಣು ಮಾಡಿದೆ, ಇವತ್ತು ಇನ್ನೊಬ್ಬನನ್ನು.

ಜುಲೈ ೨೭, ಭಾನುವಾರ

ಮಂಡಿನೋವು ಕಡಿಮೆಯಾಗಿದೆ ಅಂತ ರೋಡಾಗೆ ಹೇಳಿದೆ. ಟಿಕೇಟಿನ ದುಡ್ಡು ವಾಪಸು ಬರುವುದಿಲ್ಲವಂತೆ. ಹಾಳು ಮಾಡುವುದು ಸರಿಯಲ್ಲ, ಅಷ್ಟೇ.

ಜುಲೈ ೨೯, ಮಂಗಳವಾರ

ಗಿಚೂಕಿಯ ಹತ್ತಿರ ಹೋಗಿ ಆ ಏಳು ದಪ್ಪ ಪುಸ್ತಕ ಹಿಂದಿರುಗಿಸಿದೆ.

"ಯುದ್ಧ ಮುಗೀತಾ ಟೀಚರಮ್ಮ?"

"ಈಗ ಶುರುವಾಗೋದು. ಜಗಳ ಬರೋಂಥ ಪುಸ್ತಕ ಕೊಡು."

ಇಡೀ ಮಧ್ಯಾಹ್ನ ಬಕೆಟ್ಟಿನ ಮೇಲೆ ಕೂತು ಆರಿಸಿದೆ. ಇಷ್ಟು ಕಷ್ಟದ ಆಯ್ಕೆ ನಾನು ಮಾಡಿಯೇ ಇರಲಿಲ್ಲ. ಜುಂಬಾ ತಂದದ್ದನ್ನು ಓದಿ ಅಭ್ಯಾಸ, ಯಾರು ಓದಿದರೆ ಏನನ್ನುತ್ತಾರೆ ಎಂದು ಯೋಚಿಸುವ ಗೋಜಿರಲಿಲ್ಲ. ಒಂದು ಕಥೆಯಲ್ಲಿ ನ್ಯಾಯಾಧೀಶ ಬಹಳ ಒಳ್ಳೆಯವನು. ಕೋರ್ಟಿನವಳು ಇದನ್ನು ಮೂರನೇ ಪುಟಕ್ಕೇ ಸಮುದ್ರಕ್ಕೆ ಎಸೆಯುತ್ತಾಳೆ, ಬೇಡ. ಇನ್ನೊಂದು ನೀತಿಕಥೆ, ಇಬ್ಬರೂ ಒಪ್ಪಿಬಿಡುತ್ತೇವೆ, ಆಮೇಲೆ ಮಾಡುವುದೇನು? ಒಂಟೆ ಇರುವ ಪುಸ್ತಕ ಸಿಗುತ್ತದೋ ಅಂತ ಹುಡುಕಿದೆ, ಕತ್ತೆ ಇರುವುದು ಸಿಕ್ಕಿತು, ತಗೊಂಡೆ. ಕೊನೆಗೆ ಒಂದು ತಾಯಿಯ ಕಥೆ: ಹಿರಿಮಗನನ್ನು ಉಳಿಸಲು ಕಟಕಟೆಯಲ್ಲಿ ಸುಳ್ಳು ಹೇಳುತ್ತಾಳೆ, ಕಿರಿಯವನು ಜೈಲಿಗೆ ಹೋಗುತ್ತಾನೆ. ಅವಳು ಮಾಡಿದ್ದು ತಪ್ಪು ಅಂತ ಹಿಂದಿನ ರಟ್ಟಿನ ಮೇಲಿನ ಸಾರಾಂಶ ಓದಿದಾಗಲೇ ನನಗೆ ಗೊತ್ತಾಯಿತು. ಮಿನಾಯೊ ಏನನ್ನುತ್ತಾಳೋ ನೋಡೋಣ.

ಆಗಸ್ಟ್ ೧, ಶುಕ್ರವಾರ

ವಿಮಾನ ನಿಲ್ದಾಣದ ತಕ್ಕಡಿಯಲ್ಲಿ ನನ್ನ ಪೆಟ್ಟಿಗೆ ಸರಿಯಾಗಿತ್ತು. ಮಿನಾಯೊಳದು ಜಾಸ್ತಿ. ತೆಗೆಸಿ ನೋಡಿದರೆ ಮೂರು ಪುಸ್ತಕ, ನನಗೆಂದು ಅವಳೇ ಆರಿಸಿ ತಂದದ್ದು, ನಕುರುವಿನ ಅಂಗಡಿಯಲ್ಲಿ ಎರಡು ಗಂಟೆ ನಿಂತು. ಒಂದೂ ನಾನು ಓದಿದ್ದಲ್ಲ. ತಕ್ಕಡಿಯವನು ಏನಾದರೂ ಬಿಡಬೇಕು ಅಂದ. ಅವಳು ತನ್ನ ಎತ್ತರದ ಹಿಮ್ಮಡಿ ಚಪ್ಪಲಿ ತೆಗೆದು ರೋಡಾಳ ಕೈಗೆ ಕೊಟ್ಟಳು. ಅದೂ ಸಾಲಲಿಲ್ಲ. ನಾನು ನನ್ನ ಬಿಸಿನೀರಿನ ಫ್ಲಾಸ್ಕು ತೆಗೆದು ಅದರ ಜಾಗದಲ್ಲಿ ಅವಳ ಒಂದು ಪುಸ್ತಕ ಹಾಕಿಕೊಂಡೆ.

ಆಗಸ್ಟ್ ೪, ಸೋಮವಾರ. ಲಾಮು

ಎರಡು ದಿನ ಬರೆಯಲು ಪುರುಸೊತ್ತಾಗಲಿಲ್ಲ. ನಾನು ಹೊರಡುವ ಮೊದಲೇ ಓದಿಟ್ಟಿದ್ದ ಸುಳ್ಳುಸಾಕ್ಷಿಯ ತಾಯಿಯ ಕಥೆಯನ್ನು ಮಿನಾಯೊ ಎರಡೇ ದಿನದಲ್ಲಿ ಮುಗಿಸಿ, ಇವತ್ತು ಮಧ್ಯಾಹ್ನ ಊಟದ ಮೇಜಿನ ಮೇಲೆ ದಬ್ಬೆಂದು ಇಟ್ಟಳು.

"ಆ ತಾಯಿ ಮಾಡಿದ್ದು ಸರಿ."

"ಸರಿಯಾ? ಹೆತ್ತ ಮಗನನ್ನ ಜೈಲಿಗೆ ಕಳಿಸಿದ್ದು ಸರಿಯಾ? ಹೇಡಿ ಅವಳು!"

"ಅಕ್ಕಾ, ನೀವು ಒಂಬತ್ತನೇ ಅಧ್ಯಾಯ ಓದಿದ್ರೋ, ಮೇಲೆ ಮೇಲೆ ತಿರುವಿ ಹಾಕಿದ್ರೋ? ವಕೀಲ ಐದು ಪ್ರಶ್ನೆ ಕೇಳ್ತಾನೆ. ನಾಲ್ಕಕ್ಕೆ ತಲೆ ತಗ್ಗಿಸಿ ಉತ್ತರ ಕೊಡ್ತಾಳೆ, ಐದನೇದಕ್ಕೆ ಕಿರಿಮಗನ ಮುಖ ನೋಡ್ತಾಳೆ. ಅವನು ತಲೆ ಆಡಿಸ್ತಾನೆ. ಅವನೇ ಒಪ್ಪಿ ಹೋದದ್ದು!"

"ತಲೆ ಆಡಿಸಿದ ಅಂತ ಎಲ್ಲಿ ಬರೆದಿದೆ? ನೊಣ ಓಡಿಸಿದ ಅಂತಿದೆ!"

"ಮಳೆಗಾಲದ ಕೋರ್ಟಲ್ಲಿ ಒಂದೇ ಒಂದು ನೊಣ, ಅದೂ ಸರಿಯಾಗಿ ಆ ಪ್ರಶ್ನೆಗೇ ಬರುತ್ತಾ?"

ನಾನು ಮೇಜು ಗುದ್ದಿದೆ. ಅವಳೂ ಗುದ್ದಿದಳು. ತೆಂಗಿನಹಾಲಿನ ಸಾರು ಚೆಲ್ಲಿತು. ಅಡುಗೆಯ ಅಥ್ಮಾನ್ ಸೌಟು ಹಿಡಿದುಕೊಂಡೇ ಓಡಿಬಂದ.

"ಏನಾಯ್ತು ಅಮ್ಮಂದಿರೇ? ನೀವಿಬ್ರೂ ಏನಾಗ್ಬೇಕು?"

"ಸವತಿಯರು," ಅಂದಳು ಮಿನಾಯೊ.

"ಓ, ಹಾಗಾದ್ರೆ ಸರಿ," ಅಂತ ಅವನು ಸಮಾಧಾನದಿಂದ ಒಲೆಯ ಕಡೆ ಹೋದ. ಗಂಡನ ವಿಷಯವಲ್ಲ ಕಣಪ್ಪಾ, ಒಂಬತ್ತನೇ ಅಧ್ಯಾಯದ್ದು ಅಂತ ನಾನು ಕೂಗಿ ಹೇಳಿದೆ. ಅವನು ನಂಬಿದಂತೆ ಕಾಣಲಿಲ್ಲ.

ಮತ್ತೆ ಪುಟ ತೆಗೆದು ಓದಿದೆ. ನೊಣದ ವಿಷಯದಲ್ಲಿ ಅವಳು ಹೇಳುವುದು ಸರಿಯಿರಬಹುದು. ಈ ದಿನಚರಿಯಲ್ಲಿ ಮಾತ್ರ ಒಪ್ಪುತ್ತೇನೆ. ಒಪ್ಪುತ್ತಿದ್ದಂತೆ ಒಂದು ವಿಷಯ ಮನಸ್ಸಿಗೆ ನಾಟಿತು. ಈ ಒಂದು ವರ್ಷ ನಾನು ಅತ್ತದ್ದು ಒಬ್ಬರಿಗಲ್ಲ, ಇಬ್ಬರಿಗೆ. ಒಬ್ಬರು, ಮೈಗೆಲ್ಲ ಎಣ್ಣೆಮಸಿ ಹಚ್ಚಿಕೊಂಡು ಬಂದು ನನ್ನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಜುಂಬಾ. ಅವರು ಹೋದರು, ಇನ್ನು ಬರುವುದಿಲ್ಲ, ಅವರಿಗಾಗಿ ಇನ್ನೂ ಅಳುತ್ತೇನೆ. ಇನ್ನೊಬ್ಬರು ನನ್ನ ಮಾತಿಗೆ ಸರಿಯಾಗಿ ಎದುರಾಡುತ್ತಿದ್ದವರು. ಅವರು ಸತ್ತೇ ಇರಲಿಲ್ಲ. ಈಗ ಎದುರಿಗೆ ಕೂತು ನನ್ನ ತಟ್ಟೆಯ ಮೀನಿನ ಮುಳ್ಳು ಬಿಡಿಸುತ್ತಾ, "ಬರೆದದ್ದು ಸಾಕು ಅಕ್ಕಾ, ಮೊದಲು ನನ್ನ ಪ್ರಶ್ನೆಗೆ ಉತ್ತರ ಕೊಡಿ" ಅಂತ ಗದರುತ್ತಿದ್ದಾಳೆ.